ನಿಮಗಿದು ಗೊತ್ತೇ? ಹೊಲದ ಮೂಲೆಯಲ್ಲೇ ಇದೆ ಕ್ಷೇತ್ರಗಣಿತ

ಚನ್ನಗಿರಿಯ ಅಡಿಕೆ ತೋಟ, ಹೊನ್ನಾಳಿಯ ಭತ್ತದ ಗದ್ದೆ, ನ್ಯಾಮತಿಯ ಮೆಕ್ಕೆಜೋಳದ ಹೊಲ, ಜಗಳೂರಿನ ಶೇಂಗಾ ಹೊಲ. ಇವುಗಳಲ್ಲಿ ಪಠ್ಯಪುಸ್ತಕದ ಚಿತ್ರದಂತೆ ನಾಲ್ಕೂ ಮೂಲೆ ಮಟ್ಟಸವಾಗಿರುವ ಜಮೀನು ಸಿಗುವುದು ಅಪರೂಪ. ಒಂದು ಬದು ಓರೆ, ಇನ್ನೊಂದು ಕಡೆ ಹಳ್ಳ ಕೊರೆದ ಅಂಚು, ಮತ್ತೊಂದು ಕಡೆ ಬಂಡಿದಾರಿ. ಆದರೂ ಪಹಣಿಯಲ್ಲಿ ಇಷ್ಟು ಎಕರೆ, ಇಷ್ಟು ಗುಂಟೆ ಎಂದು ಬರೆದಿರುತ್ತದೆ. ಆ ಲೆಕ್ಕ ಹುಟ್ಟಿದ್ದು ಪ್ರೌಢಶಾಲೆಯ ಮಕ್ಕಳು ಉರು ಹೊಡೆಯುವ ಅದೇ ನಾಲ್ಕೈದು ಸೂತ್ರಗಳಿಂದ. ಆ ಸೂತ್ರಗಳ ಹಿಂದಿರುವುದೂ ಒಂದೇ ಉಪಾಯ: ಗೊತ್ತಿಲ್ಲದ ಆಕಾರವನ್ನು ಗೊತ್ತಿರುವ ಆಕಾರಗಳಾಗಿ ಕತ್ತರಿಸು, ಅಳೆ, ಕೂಡಿಸು.

ಹೆಸರಲ್ಲೇ ಹೊಲ

1. ‘ಕ್ಷೇತ್ರ’ ಎಂದರೆ ಹೊಲ. ‘ಕ್ಷೇತ್ರಫಲ’ ಎಂಬ ಪದದಲ್ಲಿ ಹೊಲವೂ ಇದೆ, ಫಲವೂ ಇದೆ. ಜಿಯೊಮೆಟ್ರಿ ಎಂಬ ಗ್ರೀಕ್ ಮೂಲದ ಪದದ ಅರ್ಥವೂ ಭೂಮಿಯನ್ನು ಅಳೆಯುವುದು ಎಂದೇ. ಎರಡು ಭಾಷೆಗಳೂ ಈ ಗಣಿತಕ್ಕೆ ಹೆಸರು ತಂದದ್ದು ನೆಲದಿಂದ.

2. ಕನ್ನಡ ಶಾಸನಗಳಲ್ಲಿ ಭೂಮಿಯ ಅಳತೆಗೆ ಮತ್ತರು, ಕಮ್ಮ ಎಂಬ ಮಾನಗಳಿವೆ. ಅಳೆಯುವ ಕೋಲು ಊರಿಂದ ಊರಿಗೆ ಬೇರೆಯಾಗುತ್ತಿದ್ದುದರಿಂದ, ಯಾವ ಕೋಲಿನಲ್ಲಿ ಅಳೆದದ್ದು ಎಂಬುದನ್ನೂ ಹಲವು ಶಾಸನಗಳು ಹೇಳುತ್ತವೆ. ಮಾನ ಯಾವುದೆಂದು ಹೇಳದ ಅಳತೆಗೆ ಬೆಲೆಯಿಲ್ಲ ಎಂಬುದು ಅವರಿಗೆ ತಿಳಿದಿತ್ತು. ಪರೀಕ್ಷೆಯಲ್ಲಿ ‘ಚದರ ಮೀಟರ್’ ಎಂದು ಬರೆಯಲು ಮರೆತವರಿಗೆ ಅಂಕ ಕಳೆಯುವುದೂ ಇದೇ ಕಾರಣಕ್ಕೆ.

3. ಒಂದು ಕಾಲದಲ್ಲಿ ನೆಲವನ್ನು ಬೀಜದಿಂದಲೂ ಅಳೆಯುತ್ತಿದ್ದರು. ಒಂದು ಖಂಡುಗ ಬೀಜ ಬಿತ್ತುವಷ್ಟು ಗದ್ದೆ ಎಂದರೆ ಅದೇ ಅದರ ವಿಸ್ತೀರ್ಣ. 20 ಕೊಳಗಕ್ಕೆ 1 ಖಂಡುಗ. ಆದರೆ ಖುಷ್ಕಿಗೂ ತರಿಗೂ ಬೀಜದ ಪ್ರಮಾಣ ಬೇರೆ. ಹಾಗಾಗಿ ಖಂಡುಗದ ನೆಲ ಎಲ್ಲ ಕಡೆಯೂ ಒಂದೇ ಅಳತೆಯದ್ದಾಗಿರಲಿಲ್ಲ.

ಸರಪಳಿ, ಗುಂಟೆ, ಆಣೆ

4. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ, ಅಂದರೆ 1,089 ಚದರ ಅಡಿ. ಇಂಥ 40 ಚೌಕಗಳು ಸೇರಿದರೆ ಒಂದು ಎಕರೆ, 43,560 ಚದರ ಅಡಿ. ಪೇಟೆಯ 30×40 ನಿವೇಶನ 1,200 ಚದರ ಅಡಿ. ಅದು ಒಂದು ಗುಂಟೆಗಿಂತ 111 ಚದರ ಅಡಿ ದೊಡ್ಡದು!

5. ಈ 33 ಅಡಿ ಎಲ್ಲಿಂದ ಬಂತು? ಇಂಗ್ಲೆಂಡಿನ ಎಡ್ಮಂಡ್ ಗಂಟರ್ 1620ರಲ್ಲಿ ರೂಪಿಸಿದ ಅಳತೆ ಸರಪಳಿ 66 ಅಡಿ ಉದ್ದ. ಅದರ ಅರ್ಧ 33. ನಮ್ಮ ಭೂಮಾಪಕರ ಸರಪಳಿಯ ಆ 33 ಅಡಿಯಲ್ಲಿ 16 ಆಣೆ. ಪಹಣಿಯಲ್ಲಿ ಎಕರೆ, ಗುಂಟೆಯ ಪಕ್ಕ ಬರುವ ಆಣೆ ಮಾತ್ರ ಉದ್ದದ್ದಲ್ಲ, ನೆಲದ್ದು: ಗುಂಟೆಯ 16ರಲ್ಲಿ ಒಂದು ಪಾಲು, ಸುಮಾರು 68 ಚದರ ಅಡಿ.

6. ಈ 33 ಅಡಿ ಸರಪಳಿಯ ಲೆಕ್ಕದ ಸೊಗಸು ನೋಡಿ. ನಾಲ್ಕು ಮೂಲೆಯ ಓರೆ ಹೊಲಕ್ಕೆ ಒಂದು ಮೂಲೆಯಿಂದ ಎದುರು ಮೂಲೆಗೆ ಕರ್ಣ ಎಳೆಯಿರಿ. ಅದು 4 ಸರಪಳಿ ಎನ್ನಿ. ಉಳಿದೆರಡು ಮೂಲೆಗಳಿಂದ ಕರ್ಣಕ್ಕೆ ಇಳಿಸಿದ ಲಂಬಗಳು 1 ಮತ್ತು 2 ಸರಪಳಿ ಎನ್ನಿ. ಲಂಬಗಳ ಮೊತ್ತ 3. ಕರ್ಣದ ಅರ್ಧವಾದ 2ರಿಂದ ಗುಣಿಸಿದರೆ 6. ಹೊಲ ಸರಿಯಾಗಿ 6 ಗುಂಟೆ! ಅಡಿಯಲ್ಲೇ ಮಾಡಿದರೂ 66×99 = 6,534 ಚದರ ಅಡಿ, ಅಂದರೆ ಅದೇ 6 ಗುಂಟೆ. 33 ಅಡಿ ಸರಪಳಿ ಇರುವವರಿಗೆ ಭಾಗಾಕಾರದ ಗೋಜೇ ಇಲ್ಲ.

7. ಮೈಸೂರು ಸಂಸ್ಥಾನದಲ್ಲಿ ಕಂದಾಯ ಭೂಮಾಪನ ಶುರುವಾದದ್ದು 1863ರಲ್ಲಿ. ಅಂದಿನಿಂದ ಬಳಕೆಗೆ ಬಂದ ಸರ್ವೆ ನಂಬರು, ಬಾಂದುಕಲ್ಲು, ಟಿಪ್ಪಣಿ ಇಂದಿಗೂ ನಮ್ಮ ಜಮೀನಿನ ಭಾಷೆ. ಟಿಪ್ಪಣಿಯ ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಿ: ಹೊಲದ ನಡುವೆ ಒಂದು ಉದ್ದಗೆರೆ, ಅದರಿಂದ ಎರಡೂ ಪಕ್ಕದ ಮೂಲೆಗಳಿಗೆ ಲಂಬಗಳು. ಅದು ತ್ರಿಭುಜ ಮತ್ತು ತ್ರಾಪಿಜ್ಯಗಳ ಪಾಠವೇ.

8. ಸರ್ವೆಗೆ ತ್ರಿಭುಜವೇ ಏಕೆ ಬೇಕು? ಮೂರು ಕೋಲು ಸೇರಿಸಿ ಬಿಗಿದರೆ ಆಕಾರ ಅಲುಗದು. ನಾಲ್ಕು ಕೋಲು ಬಿಗಿದರೆ ಅದು ಒರಗುತ್ತದೆ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ವಿಲಿಯಂ ಲ್ಯಾಂಬ್ಟನ್ ಆಧಾರರೇಖೆ ಎಳೆದು ಆರಂಭಿಸಿದ ಮಹಾ ತ್ರಿಕೋನಮಿತಿ ಸರ್ವೆ ಇಡೀ ದೇಶವನ್ನು ತ್ರಿಭುಜಗಳಲ್ಲಿ ಹಿಡಿಯಿತು. ದೇಶಕ್ಕೆ ಹೊಂದಿದ ಉಪಾಯ ನಿಮ್ಮ ಅರ್ಧ ಎಕರೆಗೂ ಹೊಂದುತ್ತದೆ.

ಮೋಸ ಹೋಗುವ ಜಾಗ

9. ಎದುರುಬದುರು ಬದುಗಳನ್ನು ಕೂಡಿಸಿ ಅರ್ಧ ಮಾಡಿ, ಆ ಎರಡು ಸರಾಸರಿಗಳನ್ನು ಗುಣಿಸಿ ಜಾಗದ ಲೆಕ್ಕ ಹೇಳುವ ರೂಢಿ ಹಳೆಯದು. ಈಜಿಪ್ಟಿನ ಎಡ್ಫು ದೇವಾಲಯದ ದಾನಶಾಸನಗಳಲ್ಲೂ ಇದೇ ವಿಧಾನ ಇದೆ. ಆದರೆ ಎಚ್ಚರ: ಆಯತವನ್ನು ಬಿಟ್ಟರೆ ಈ ಲೆಕ್ಕ ಯಾವಾಗಲೂ ನಿಜಕ್ಕಿಂತ ಹೆಚ್ಚೇ ತೋರಿಸುತ್ತದೆ, ಕಡಿಮೆ ಎಂದೂ ತೋರಿಸದು. ಲಾಭ ಮಾರುವವನಿಗೆ, ನಷ್ಟ ಕೊಳ್ಳುವವನಿಗೆ.

10. ಒಂದು ಉದಾಹರಣೆ. ಸಮಾಂತರವಾದ ಎರಡು ಬದುಗಳು 40 ಅಡಿ ಮತ್ತು 100 ಅಡಿ. ಓರೆ ಬದುಗಳೆರಡೂ 50 ಅಡಿ. ಸರಾಸರಿ ಲೆಕ್ಕದಲ್ಲಿ 70×50 = 3,500 ಚದರ ಅಡಿ. ಆದರೆ ಸಮಾಂತರ ಬದುಗಳ ನಡುವಿನ ನೇರ ದೂರ 40 ಅಡಿ ಮಾತ್ರ. ನಿಜವಾದ ವಿಸ್ತೀರ್ಣ 70×40 = 2,800. ಇಲ್ಲದ 700 ಚದರ ಅಡಿಗೆ ದುಡ್ಡು ಕೊಟ್ಟಂತಾಯಿತು. ಅದು ಅರ್ಧ ನಿವೇಶನಕ್ಕಿಂತಲೂ ಹೆಚ್ಚು!

11. ಶಾಲೆಯಲ್ಲೂ ಅತಿ ಹೆಚ್ಚು ಅಂಕ ಕಳೆಯುವ ತಪ್ಪು ಇದೇ: ಎತ್ತರದ ಬದಲು ಓರೆ ಬಾಹುವನ್ನು ಗುಣಿಸುವುದು. ಸಮಾಂತರ ಚತುರ್ಭುಜಕ್ಕಾಗಲಿ ತ್ರಾಪಿಜ್ಯಕ್ಕಾಗಲಿ ‘ಎತ್ತರ’ ಎಂದರೆ ಲಂಬ. ಬಾವಿಯ ಆಳ ತಿಳಿಯಲು ಹಗ್ಗವನ್ನು ನೇರ ಇಳಿಬಿಡುತ್ತೇವೆ, ಓರೆಯಾಗಿ ಬಿಡುವುದಿಲ್ಲ. ಈ ಒಂದು ಹೋಲಿಕೆ ಮಗುವಿನ ಮನಸ್ಸಿನಲ್ಲಿ ನಿಂತರೆ ತಪ್ಪು ಮರುಕಳಿಸದು.

12. ನಾಲ್ಕು ಬಾಹುಗಳ ಉದ್ದ ಮಾತ್ರ ಹೇಳಿದರೆ ವಿಸ್ತೀರ್ಣ ಹೇಳಲಾಗದು. 10 ಅಡಿಯ ನಾಲ್ಕು ಬಿದಿರು ಗಳಗಳನ್ನು ತುದಿಗೆ ತುದಿ ಕಟ್ಟಿ. ಮಟ್ಟಸವಾಗಿ ನಿಲ್ಲಿಸಿದರೆ 100 ಚದರ ಅಡಿ. ಕೋನ 60 ಡಿಗ್ರಿಗೆ ಒರಗಿಸಿದರೆ 86.6, 30 ಡಿಗ್ರಿಗೆ ಒರಗಿಸಿದರೆ ಬರೀ 50. ಪೂರ್ತಿ ಮಡಚಿದರೆ ಸೊನ್ನೆ! 1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯರು, ಕರ್ಣವನ್ನಾಗಲಿ ಲಂಬವನ್ನಾಗಲಿ ಹೇಳದೆ ಚತುರ್ಭುಜದ ವಿಸ್ತೀರ್ಣ ಕೇಳುವವನನ್ನು ಪಿಶಾಚಿಗೆ ಹೋಲಿಸಿದ್ದಾರೆ.

13. ಕರ್ಣ ಅಳೆದರೆ ಸಾಕು, ಲಂಬ ಇಳಿಸದೆಯೂ ಲೆಕ್ಕ ಮಾಡಬಹುದು. ಆಗ ಹೊಲ ಎರಡು ತ್ರಿಭುಜ ಆಗುತ್ತದೆ, ಎರಡರಲ್ಲೂ ಮೂರು ಬಾಹುಗಳು ಗೊತ್ತು. 9ನೇ ತರಗತಿಯ ಹೆರಾನ್ ಸೂತ್ರ ಇಲ್ಲಿ ಕೈಹಿಡಿಯುತ್ತದೆ. 13, 14, 15 ಬಾಹುಗಳ ತ್ರಿಭುಜಕ್ಕೆ ಅರ್ಧ ಸುತ್ತಳತೆ 21. 21×8×7×6 = 7,056. ಅದರ ವರ್ಗಮೂಲ 84. ಹಗ್ಗ ಹಿಡಿದು ಐದು ಅಳತೆ ತೆಗೆದರೆ ಯಾವ ನಾಲ್ಕು ಮೂಲೆಯ ಜಾಗವೂ ತನ್ನ ವಿಸ್ತೀರ್ಣ ಹೇಳಲೇಬೇಕು.

ಚನ್ನಗಿರಿ: ಅಡಿಕೆ, ಕೆರೆ, ಪುಷ್ಕರಣಿ

14. ಅಡಿಕೆ ಸಸಿಯನ್ನು 9 ಅಡಿ ಅಂತರದಲ್ಲಿ ಚೌಕವಾಗಿ ನೆಟ್ಟರೆ ಒಂದು ಗಿಡದ ಪಾಲಿಗೆ 81 ಚದರ ಅಡಿ ನೆಲ. ಎಕರೆಗೆ ಸುಮಾರು 537 ಗಿಡ. ಸಾಲುಗಳನ್ನು ಅರ್ಧ ಅಂತರ ಸರಿಸಿ, ಯಾವ ಎರಡು ಅಕ್ಕಪಕ್ಕದ ಗಿಡಗಳ ನಡುವೆಯೂ ಅದೇ 9 ಅಡಿ ಇರುವಂತೆ ನೆಟ್ಟರೆ? ಆಗ ಗಿಡದ ಪಾಲಿನ ನೆಲ ಚೌಕವಲ್ಲ, ವಜ್ರಾಕೃತಿ. ಅದರ ಎತ್ತರ 7.79 ಅಡಿ, ವಿಸ್ತೀರ್ಣ ಸುಮಾರು 70 ಚದರ ಅಡಿ. ಎಕರೆಗೆ ಸುಮಾರು 620 ಗಿಡ! ಅಂತರ ಒಂದಿಷ್ಟೂ ಕಡಿಮೆಯಾಗದೆ ನೂರಕ್ಕೆ 15ರಷ್ಟು ಗಿಡ ಹೆಚ್ಚು ಹಿಡಿಯುತ್ತದೆ.

15. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ನಾಡಿನ ಅತಿ ದೊಡ್ಡ ಹಳೆಯ ಕೆರೆಗಳಲ್ಲಿ ಒಂದು. ಅದರ ಅತಿ ಹೆಚ್ಚಿನ ಉದ್ದ ಸುಮಾರು 8.1 ಕಿ.ಮೀ., ಅತಿ ಹೆಚ್ಚಿನ ಅಗಲ ಸುಮಾರು 4.6 ಕಿ.ಮೀ. ಇವೆರಡನ್ನು ಗುಣಿಸಿದರೆ 37 ಚದರ ಕಿ.ಮೀ. ದಾಟುತ್ತದೆ. ಆದರೆ ನೀರಿನ ಹರವು ಸುಮಾರು 27 ಚದರ ಕಿ.ಮೀ. ಮಾತ್ರ. ಅಂಕುಡೊಂಕಾದ ಆಕಾರವನ್ನು ಅದರ ಸುತ್ತ ಬರೆದ ಆಯತದಿಂದ ಅಳೆದರೆ ಎಷ್ಟು ದೂರ ತಪ್ಪುತ್ತೇವೆ ಎಂಬುದಕ್ಕೆ ಈ ಕೆರೆಯೇ ಸಾಕ್ಷಿ.

16. ಹಾಗಾದರೆ ಕೆರೆಯನ್ನು ಅಳೆಯುವುದು ಹೇಗೆ? ನಕ್ಷೆಯ ಮೇಲೆ ಸಮಾನ ಅಂತರದಲ್ಲಿ ಅಡ್ಡಗೆರೆ ಎಳೆದು ಪಟ್ಟಿಗಳಾಗಿ ಸೀಳಬೇಕು. ಪ್ರತಿ ಪಟ್ಟಿಯೂ ಹೆಚ್ಚುಕಡಿಮೆ ಒಂದು ತ್ರಾಪಿಜ್ಯ. ಎಲ್ಲವನ್ನೂ ಕೂಡಿಸಿದರೆ ಕೆರೆ. ಪಟ್ಟಿ ಸಣ್ಣದಾದಷ್ಟೂ ಉತ್ತರ ನಿಖರ. ಪಿಯುಸಿಯಲ್ಲಿ ಕಲಿಯುವ ಅನುಕಲನದ ಬೀಜ ಹೈಸ್ಕೂಲಿನ ತ್ರಾಪಿಜ್ಯದಲ್ಲೇ ಮೊಳೆತಿರುತ್ತದೆ.

17. 1:50,000 ಪ್ರಮಾಣದ ನಕ್ಷೆಯಲ್ಲಿ 1 ಸೆಂ.ಮೀ. ಎಂದರೆ ಅರ್ಧ ಕಿ.ಮೀ. ಆದರೆ 1 ಚದರ ಸೆಂ.ಮೀ. ಎಂದರೆ ಅರ್ಧ ಚದರ ಕಿ.ಮೀ. ಅಲ್ಲ, ಕಾಲು ಚದರ ಕಿ.ಮೀ.! ಉದ್ದ ಅರ್ಧವಾದರೆ ವಿಸ್ತೀರ್ಣ ಕಾಲಾಗುತ್ತದೆ, ಉದ್ದ ಇಮ್ಮಡಿಯಾದರೆ ವಿಸ್ತೀರ್ಣ ನಾಲ್ಮಡಿಯಾಗುತ್ತದೆ. ಆ ನಕ್ಷೆಯಲ್ಲಿ ಸೂಳೆಕೆರೆ ಸುಮಾರು 108 ಚದರ ಸೆಂ.ಮೀ. ಜಾಗ ಹಿಡಿಯುತ್ತದೆ.

18. ಸಂತೆಬೆನ್ನೂರಿನ ಪುಷ್ಕರಣಿಯನ್ನು 16ನೇ ಶತಮಾನದಲ್ಲಿ ಕಟ್ಟಿಸಿದವನು ಹನುಮಪ್ಪ ನಾಯಕ. ನೀರಿನ ನಡುವೆ ವಸಂತ ಮಂಟಪ, ಸುತ್ತ ಮೆಟ್ಟಿಲುಗಳು. ಸಂಯುಕ್ತ ಆಕೃತಿಯ ಪಾಠಕ್ಕೆ ಇದಕ್ಕಿಂತ ಸುಂದರ ಚಿತ್ರ ಸಿಗದು. ಹೊರ ಅಂಚಿನ ವಿಸ್ತೀರ್ಣದಿಂದ ಮಂಟಪದ ಬುಡದ ವಿಸ್ತೀರ್ಣ ಕಳೆದರೆ ಮೆಟ್ಟಿಲು ಮತ್ತು ನೀರಿನ ಪಾಲು. ಮೇಲಿನಿಂದ ನೋಡಿದರೆ ಮೆಟ್ಟಿಲು 10 ಇರಲಿ, 50 ಇರಲಿ, ಅವು ಆವರಿಸುವ ನೆಲ ಬದಲಾಗದು. ಕಲ್ಲಿನ ಲೆಕ್ಕ ಮಾತ್ರ ಬೇರೆ. ಅಲ್ಲಿ ಮೆಟ್ಟಿಲಿನ ನಿಂತ ಮುಖಗಳನ್ನೂ ಕೂಡಿಸಬೇಕು.

ಹೊನ್ನಾಳಿ, ನ್ಯಾಮತಿ: ಹೊಳೆ, ನಾಲೆ, ಕಸೂತಿ

19. ತುಂಗಭದ್ರೆಯ ದಡದ ಹೊನ್ನಾಳಿ ಸೀಮೆಯಲ್ಲಿ ಹೊಳೆಯಂಚಿನ ಗದ್ದೆಗೆ ಒಂದು ಬದು ಬಳುಕುತ್ತದೆ. ಅದನ್ನು ಅಳೆಯಲು ಎದುರಿನ ನೇರ ಬದುವಿನ ಮೇಲೆ 10 ಮೀಟರಿಗೊಂದು ಗೂಟ ಹೊಡೆದು, ಪ್ರತಿ ಗೂಟದಿಂದ ಹೊಳೆಯಂಚಿಗೆ ಲಂಬ ಅಳೆಯಿರಿ. ಲಂಬಗಳು 12, 15, 14, 18, 16 ಮೀಟರ್ ಬಂದವೆನ್ನಿ. ಮೊದಲ ಮತ್ತು ಕೊನೆಯ ಲಂಬಗಳ ಮೊತ್ತದ ಅರ್ಧ 14. ನಡುವಿನವು 15, 14, 18. ಒಟ್ಟು 61. ಅದನ್ನು 10ರಿಂದ ಗುಣಿಸಿದರೆ 610 ಚದರ ಮೀಟರ್, ಆರು ಗುಂಟೆಗೆ ತುಸು ಮೇಲೆ. ನಾಲ್ಕು ತ್ರಾಪಿಜ್ಯಗಳ ಮೊತ್ತ ಒಂದೇ ಸಾಲಿನಲ್ಲಿ ಮುಗಿಯಿತು.

20. ಭದ್ರಾ ನಾಲೆಯಂಥ ಕಾಲುವೆಗಳನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಕಾಣುವ ಆಕಾರ ತ್ರಾಪಿಜ್ಯ. ಮಣ್ಣು ನೆಟ್ಟಗೆ ನಿಲ್ಲದೆ ಕುಸಿಯುವುದರಿಂದ ಪಕ್ಕಗಳನ್ನು ಓರೆಯಾಗಿಯೇ ತೋಡಬೇಕು. ತಳ 3 ಮೀಟರ್, ನೀರಿನ ಮೇಲ್ಮೈ ಅಗಲ 7 ಮೀಟರ್, ಆಳ 2 ಮೀಟರ್ ಇದ್ದರೆ ಅಡ್ಡಕೊಯ್ತ 10 ಚದರ ಮೀಟರ್. ನೀರು ಸೆಕೆಂಡಿಗೆ 1 ಮೀಟರ್ ಓಡಿದರೆ ಸೆಕೆಂಡಿಗೆ 10,000 ಲೀಟರ್, ಅಂದರೆ ಸುಮಾರು 353 ಕ್ಯೂಸೆಕ್. ಪತ್ರಿಕೆಯಲ್ಲಿ ಓದುವ ಕ್ಯೂಸೆಕ್ ಲೆಕ್ಕದ ಒಳಗೆ ತ್ರಾಪಿಜ್ಯದ ಸೂತ್ರ ಕುಳಿತಿದೆ.

21. ಒಂದೇ ಅಡ್ಡಕೊಯ್ತಕ್ಕೆ ಅತಿ ಕಡಿಮೆ ಗೋಡೆ ತಗಲುವ ತ್ರಾಪಿಜ್ಯ ಯಾವುದು ಗೊತ್ತೇ? ಜೇನುಗೂಡಿನ ಕೋಣೆಯಂಥ ಸಮ ಷಡ್ಭುಜದ ಕೆಳಗಿನ ಅರ್ಧ. ಗೋಡೆ ಕಡಿಮೆಯಾದಷ್ಟೂ ನೀರಿಗೆ ತಡೆ ಕಡಿಮೆ, ಗಾರೆಯ ಖರ್ಚೂ ಕಡಿಮೆ.

22. ಸೋದರರು ತ್ರಾಪಿಜ್ಯ ಆಕಾರದ ಹೊಲವನ್ನು ಸಮಪಾಲು ಮಾಡಬೇಕೇ? ಸಮಾಂತರ ಬದುಗಳೆರಡರ ನಡುಬಿಂದುಗಳನ್ನು ಹುಡುಕಿ, ಅವೆರಡರ ನಡುವೆ ಹಗ್ಗ ಎಳೆಯಿರಿ. ಎರಡೂ ಪಾಲು ತೂಗಿದಂತೆ ಸಮ. ಎರಡೂ ಪಾಲಿಗೆ ಅದೇ ಎತ್ತರ, ಅದೇ ಅರ್ಧರ್ಧ ಬದುಗಳು ಬರುತ್ತವೆ. ಮೂಲೆಯಿಂದ ಮೂಲೆಗೆ ಹಗ್ಗ ಎಳೆದರೆ ಮಾತ್ರ ದೊಡ್ಡ ಬದು ಸಿಕ್ಕವನಿಗೆ ಹೆಚ್ಚು ಹೋಗುತ್ತದೆ. ಸಮಾಂತರ ಚತುರ್ಭುಜದಲ್ಲಿ ಆ ಭಯವಿಲ್ಲ, ಅಲ್ಲಿ ಕರ್ಣವೂ ಸಮಪಾಲೇ ಮಾಡುತ್ತದೆ.

23. ಯಾವುದೇ ನಾಲ್ಕು ಮೂಲೆಯ ಹೊಲದ ನಾಲ್ಕೂ ಬದುಗಳ ನಡುಬಿಂದುಗಳಿಗೆ ಗೂಟ ಹೊಡೆದು ಹಗ್ಗ ಸುತ್ತಿ. ಒಳಗೆ ಮೂಡುವುದು ಸಮಾಂತರ ಚತುರ್ಭುಜವೇ, ಅದರ ವಿಸ್ತೀರ್ಣ ಹೊಲದ ಅರ್ಧವೇ! ಫ್ರಾನ್ಸಿನ ಪಿಯೆರ್ ವರಿಗ್ನೋನ್ ಹೆಸರಿನ ಈ ಪ್ರಮೇಯ ಅಚ್ಚಾದದ್ದು 1731ರಲ್ಲಿ. ಹೊಲ ಎಷ್ಟೇ ಸೊಟ್ಟಗಿರಲಿ, ಒಳಗಿನ ಆಕಾರ ಸೊಟ್ಟಗಾಗದು.

24. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರು ಭಕ್ತಿಯಿಂದ ನೆನೆಯುವ ಕ್ಷೇತ್ರ. ಲಂಬಾಣಿ ಹೆಣ್ಣುಮಕ್ಕಳ ಉಡುಗೆಯಲ್ಲಿ ಚೌಕ, ತ್ರಿಕೋನ, ಪಟ್ಟಿಗಳ ತೇಪೆಗೆಲಸ ಸಂಯುಕ್ತ ಆಕೃತಿಯ ಜೀವಂತ ಪಾಠ. 10 ಸೆಂ.ಮೀ. ಚೌಕದ ತೇಪೆ ಕಾಣಬೇಕಾದರೆ ನಾಲ್ಕೂ ಕಡೆ 1 ಸೆಂ.ಮೀ. ಮಡಿಕೆ ಬಿಟ್ಟು 12 ಸೆಂ.ಮೀ. ಚೌಕ ಕತ್ತರಿಸಬೇಕು. ಕಾಣುವುದು 100 ಚದರ ಸೆಂ.ಮೀ., ಬೇಕಾದ ಬಟ್ಟೆ 144. ಬಟ್ಟೆ ಎಷ್ಟು ಹಿಡಿಯುತ್ತದೆಂದು ಕಣ್ಣಳತೆಯಲ್ಲೇ ಹೇಳುವ ಆ ತಾಯಂದಿರು ವಿಸ್ತೀರ್ಣವನ್ನು ಬೆರಳಲ್ಲಿ ಬಲ್ಲವರು.

ಜಗಳೂರು: ಹನಿ ಹನಿಯ ಲೆಕ್ಕ

25. 1 ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸರಿಯಾಗಿ 1 ಲೀಟರ್ ನೀರು. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಹಾಗಾಗಿ 10 ಮಿ.ಮೀ.ನ ಒಂದು ಹದ ಮಳೆ ಎಕರೆಗೆ 40 ಸಾವಿರ ಲೀಟರಿಗೂ ಹೆಚ್ಚು ನೀರು ಸುರಿಸುತ್ತದೆ. ಬರದ ಸೀಮೆ ಎನಿಸಿಕೊಂಡ ಜಗಳೂರಿನಲ್ಲಿ ವಿಸ್ತೀರ್ಣ ಗೊತ್ತಿದ್ದವನಿಗೆ ಮಳೆಯ ಬೆಲೆಯೂ ಗೊತ್ತಾಗುತ್ತದೆ.

26. ರಾಜ್ಯದ ಕೃಷಿಭಾಗ್ಯ ಯೋಜನೆ 2014ರಲ್ಲಿ ಬಂದ ಮೇಲೆ ಕೃಷಿಹೊಂಡ ಒಣಭೂಮಿ ರೈತರ ಮನೆಮಾತಾಯಿತು. ಮೇಲೆ 21 ಮೀಟರ್ ಚೌಕ, 3 ಮೀಟರ್ ಆಳ, ಪಕ್ಕಗಳು ಮೀಟರಿಗೆ ಮೀಟರ್ ಓರೆ ಇರುವ ಹೊಂಡ ಎಂದಿಟ್ಟುಕೊಳ್ಳಿ. ಆಗ ತಳ 15 ಮೀಟರ್ ಚೌಕ. 21×21×3 ಎಂದು ಗುಣಿಸಿದರೆ 1,323 ಘನ ಮೀಟರ್ ಬರುತ್ತದೆ. ಆದರೆ ಹಿಡಿಯುವುದು 981 ಘನ ಮೀಟರ್ ಮಾತ್ರ, 9 ಲಕ್ಷ 81 ಸಾವಿರ ಲೀಟರ್.

27. ಅದೇ ಹೊಂಡಕ್ಕೆ ಎಷ್ಟು ಪಾಲಿಥೀನ್ ಹಾಳೆ ಬೇಕು? ಪ್ರತಿ ಪಕ್ಕವೂ ತ್ರಾಪಿಜ್ಯ: ಸಮಾಂತರ ಬಾಹುಗಳು 21 ಮತ್ತು 15, ಓರೆಯ ಉದ್ದ 4.24 ಮೀಟರ್. ಒಂದು ಪಕ್ಕ ಸುಮಾರು 76 ಚದರ ಮೀಟರ್, ನಾಲ್ಕು ಸೇರಿ 305. ತಳದ 225 ಕೂಡಿದರೆ ಸುಮಾರು 530 ಚದರ ಮೀಟರ್. ಗಮನಿಸಿ, ಇಲ್ಲಿ ತ್ರಾಪಿಜ್ಯದ ಎತ್ತರ ಹೊಂಡದ ಆಳವಲ್ಲ. ಹಾಳೆ ಇಳಿಜಾರಿನ ಮೇಲೆ ಮಲಗುವುದರಿಂದ ಇಳಿಜಾರಿನ ಉದ್ದವೇ ಅದರ ಎತ್ತರ. ಅಂಚಿನಲ್ಲಿ ಹೂಳಲು ಬೇಕಾದ ಹಾಳೆಯನ್ನು ಇದರ ಮೇಲೆ ಸೇರಿಸಿಕೊಳ್ಳಬೇಕು.

28. ಕುರಿ ರೊಪ್ಪಕ್ಕೆ 80 ಮೀಟರ್ ಬಲೆ ಇದೆ ಎನ್ನಿ. 38×2ರ ಉದ್ದ ಪಟ್ಟಿ ಹಾಕಿದರೆ 76 ಚದರ ಮೀಟರ್. 30×10 ಹಾಕಿದರೆ 300, 20×20 ಹಾಕಿದರೆ 400. ಸುತ್ತಳತೆ ಒಂದೇ ಇದ್ದರೆ ಚತುರ್ಭುಜಗಳಲ್ಲಿ ಚೌಕಕ್ಕೇ ಹೆಚ್ಚು ವಿಸ್ತೀರ್ಣ. ದುಂಡಗೆ ಹಾಕಿದರೆ ಇನ್ನೂ ಹೆಚ್ಚು, 509. ಒಂದು ಕಡೆ ಉದ್ದನೆಯ ಗೋಡೆಯ ಆಸರೆ ಇದ್ದರೆ 40×20ರ ಆಯತದಲ್ಲಿ 800!

29. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಅರಣ್ಯ ನಾಲ್ಕು ಕೊಂಬಿನ ಕೊಂಡುಕುರಿಗಾಗಿಯೇ ಘೋಷಿಸಿದ ವನ್ಯಜೀವಿಧಾಮ. ವಿಸ್ತೀರ್ಣ ಸುಮಾರು 77 ಚದರ ಕಿ.ಮೀ., ಅಂದರೆ ಸುಮಾರು 19 ಸಾವಿರ ಎಕರೆ. ಎರಡು ಸೂಳೆಕೆರೆಗಳನ್ನು ಅದರಲ್ಲಿ ಇಟ್ಟರೂ ಇನ್ನೂ ಜಾಗ ಉಳಿಯುತ್ತದೆ.

ನಮ್ಮ ನೆಲದ ಗಣಿತಜ್ಞರು

30. ಶುಲ್ಬಸೂತ್ರಗಳ ಕಾಲದ ಮಹಾವೇದಿ ಒಂದು ತ್ರಾಪಿಜ್ಯ: ಬುಡ 30, ಮುಖ 24, ಎತ್ತರ 36 ಹೆಜ್ಜೆ. ವಿಸ್ತೀರ್ಣ 972. ಆಪಸ್ತಂಬ ಇದನ್ನು ತೋರಿಸಿದ್ದು ಕತ್ತರಿಸಿ ಜೋಡಿಸುವ ಉಪಾಯದಿಂದ. ಒಂದು ಪಕ್ಕದ ತ್ರಿಕೋನವನ್ನು ಕೊಯ್ದು ಮಗುಚಿ ಇನ್ನೊಂದು ಪಕ್ಕಕ್ಕೆ ಇಟ್ಟರೆ 27×36ರ ಆಯತ. ಇಂದು ಶಿಕ್ಷಕರು ರಟ್ಟು ಕತ್ತರಿಸಿ ತೋರಿಸುವುದೂ ಇದನ್ನೇ.

31. ಆರ್ಯಭಟ 499ರಲ್ಲೇ ತ್ರಾಪಿಜ್ಯದ ಸೂತ್ರ ಹೇಳಿದ್ದಾನೆ. ಬ್ರಹ್ಮಗುಪ್ತ 628ರಲ್ಲಿ ವೃತ್ತದೊಳಗೆ ಕೂರುವ ಚತುರ್ಭುಜಕ್ಕೆ ಬಾಹುಗಳಿಂದಲೇ ವಿಸ್ತೀರ್ಣ ಕೊಡುವ ಸೂತ್ರ ಕೊಟ್ಟ. ಮೇಲೆ ನೋಡಿದ 40, 50, 100, 50ರ ಜಾಗಕ್ಕೆ ಅದನ್ನು ಹಾಕಿ ನೋಡಿ: ಅರ್ಧ ಸುತ್ತಳತೆ 120. 80×70×20×70ರ ವರ್ಗಮೂಲ 2,800. ಅದೇ ಉತ್ತರ!

32. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಕ್ಷೇತ್ರದ ಲೆಕ್ಕವನ್ನು ಎರಡಾಗಿ ಬೇರ್ಪಡಿಸಿದ: ವ್ಯವಹಾರಕ್ಕೆ ಸಾಕಾಗುವ ಅಂದಾಜು ಮತ್ತು ಸೂಕ್ಷ್ಮವಾದ ನಿಖರ ಫಲ. ಎದುರುಬದುರು ಬಾಹುಗಳ ಸರಾಸರಿ ಅವನಲ್ಲೂ ಅಂದಾಜಿನ ಪಾಲಿಗೇ ಸೇರಿದೆ. ಅಂದಾಜನ್ನು ಅಂದಾಜು ಎಂದೇ ಕರೆದದ್ದು ಅವನ ಪ್ರಾಮಾಣಿಕತೆ.

33. ಮೃದಂಗದಂಥ, ಪಣವದಂಥ, ಜವೆಗೋಧಿ ಕಾಳಿನಂಥ ಹೊಲಗಳಿಗೂ ಮಹಾವೀರ ಲೆಕ್ಕ ಹೇಳುತ್ತಾನೆ. ಮೃದಂಗ ಎಂದರೆ ಅಗಲದ ಕಡೆ ಅಂಟಿದ ಎರಡು ತ್ರಾಪಿಜ್ಯ, ಪಣವ ಎಂದರೆ ಕಿರಿದಾದ ಕಡೆ ಅಂಟಿದ ಎರಡು ತ್ರಾಪಿಜ್ಯ. ತುದಿಯ ಅಗಲ 6, ನಡುವಿನ ಅಗಲ 10, ಉದ್ದ 20 ಇದ್ದರೆ 8×20 = 160. ನಮ್ಮ ಇಂದಿನ ಸಂಯುಕ್ತ ಆಕೃತಿಗಳ ಅಧ್ಯಾಯಕ್ಕೆ ಸಾವಿರ ವರ್ಷಕ್ಕೂ ಮಿಗಿಲಾದ ವಯಸ್ಸು.

34. ಕನ್ನಡದಲ್ಲೇ ಗಣಿತ ಬರೆದ 12ನೇ ಶತಮಾನದ ಜೈನ ಕವಿ ರಾಜಾದಿತ್ಯನ ಕೃತಿಗಳಲ್ಲಿ ‘ವ್ಯವಹಾರಗಣಿತ’ದ ಜೊತೆಗೆ ‘ಕ್ಷೇತ್ರಗಣಿತ’ವೂ ಒಂದು. ಹೊಲದ ಲೆಕ್ಕ ಕನ್ನಡಕ್ಕೆ ಎರವಲು ಬಂದ ವಿಷಯವಲ್ಲ. ಕನ್ನಡ ಮಾಧ್ಯಮದ ಮಗು ಇದನ್ನು ತಲೆ ಎತ್ತಿ ಕಲಿಯಬಹುದು.

ಗಾಳಿಪಟ, ರಂಗೋಲಿ, ಮೊಬೈಲು

35. ಆಷಾಢದ ಗಾಳಿಪಟಕ್ಕೆ 60 ಮತ್ತು 50 ಸೆಂ.ಮೀ.ನ ಎರಡು ಕಡ್ಡಿಗಳನ್ನು ಲಂಬವಾಗಿ ಕಟ್ಟಿದರೆ ಕಾಗದದ ವಿಸ್ತೀರ್ಣ ಅವುಗಳ ಗುಣಲಬ್ಧದ ಅರ್ಧ, 1,500 ಚದರ ಸೆಂ.ಮೀ. ಅಡ್ಡಕಡ್ಡಿಯನ್ನು ಮೇಲೆ ಕಟ್ಟಿ, ಕೆಳಗೆ ಕಟ್ಟಿ, ಪಕ್ಕಕ್ಕೆ ಸರಿಸಿ, ಲಂಬವಾಗಿ ಒಂದನ್ನೊಂದು ದಾಟುವ ತನಕ ವಿಸ್ತೀರ್ಣ ಬದಲಾಗದು.

36. ಚುಕ್ಕಿ ರಂಗೋಲಿಯಲ್ಲಿ ಚುಕ್ಕಿಯಿಂದ ಚುಕ್ಕಿಗೆ ನೇರಗೆರೆ ಎಳೆದು ಮುಚ್ಚಿದ ಆಕಾರದ ವಿಸ್ತೀರ್ಣವನ್ನು ಬರೀ ಎಣಿಸಿ ಹೇಳಬಹುದು! ಒಳಗಿನ ಚುಕ್ಕಿಗಳಿಗೆ ಗೆರೆಯ ಮೇಲಿನ ಚುಕ್ಕಿಗಳ ಅರ್ಧ ಕೂಡಿಸಿ, ಒಂದು ಕಳೆಯಿರಿ. 3×4ರ ಆಯತದಲ್ಲಿ ಒಳಗೆ 6, ಗೆರೆಯ ಮೇಲೆ 14. 6+7−1 = 12. ಸೊಟ್ಟ ಆಕಾರಕ್ಕೂ ಇದು ಸರಿ, ಚುಕ್ಕಿಗಳು ಚೌಕಸಾಲಿನಲ್ಲಿರಬೇಕು ಅಷ್ಟೆ. ಇದನ್ನು ಕಂಡವನು ಆಸ್ಟ್ರಿಯಾದ ಗೆಯೋರ್ಗ್ ಪಿಕ್, 1899ರಲ್ಲಿ.

37. ಆಯತದ ಒಂದು ಮೂಲೆಯಿಂದ ಸಣ್ಣ ಆಯತವನ್ನು ಕತ್ತರಿಸಿ ತೆಗೆದರೆ ಎಲ್ ಆಕಾರದ ಜಾಗ ಉಳಿಯುತ್ತದೆ. ವಿಸ್ತೀರ್ಣ ಕಡಿಮೆಯಾಯಿತು, ಸುತ್ತಳತೆ ಮಾತ್ರ ಮೊದಲಿನಷ್ಟೇ! ಬೇಲಿಯ ಖರ್ಚಿನಿಂದ ಜಾಗದ ಗಾತ್ರ ಊಹಿಸಬೇಡಿ.

38. ಮೊಬೈಲ್ ಹಿಡಿದು ಹೊಲ ಸುತ್ತಿದರೆ ಎಕರೆ ಹೇಳುವ ಆ್ಯಪ್‌ಗಳು ಪ್ರತಿ ಮೂಲೆಯ ನಿರ್ದೇಶಾಂಕ ಹಿಡಿದು ಅಡ್ಡಡ್ಡ ಗುಣಿಸಿ ಕಳೆಯುವ ‘ಶೂಲೇಸ್’ ಸೂತ್ರದಂಥ ಲೆಕ್ಕ ಮಾಡುತ್ತವೆ. ಜರ್ಮನಿಯ ಮೈಸ್ಟರ್ ಅದನ್ನು 1769ರಲ್ಲೇ ವಿವರಿಸಿದ್ದ. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ನೀವು ನಿಂತ ಜಾಗದ ಸರ್ವೆ ನಂಬರನ್ನೂ ತೋರಿಸುತ್ತದೆ. ಆದರೆ ಗಡಿಯ ತಕರಾರು ಬಂದರೆ ಮೊಬೈಲ್ ಸಾಲದು. ಭೂಮಾಪಕರಿಂದ ಹದ್ದುಬಸ್ತು ಮಾಡಿಸುವುದೇ ದಾರಿ.

ಕೊನೆಯದಾಗಿ

39. ಸಮ ವಿಸ್ತೀರ್ಣದ ಎರಡು ಬಹುಭುಜಗಳು ಯಾವ ಆಕಾರದಲ್ಲೇ ಇರಲಿ, ಒಂದನ್ನು ತುಂಡುಗಳಾಗಿ ಕತ್ತರಿಸಿ ಇನ್ನೊಂದನ್ನು ಜೋಡಿಸಲು ಸಾಧ್ಯ. 19ನೇ ಶತಮಾನದಲ್ಲಿ ಗಣಿತಜ್ಞರು ಇದನ್ನು ಸಾಧಿಸಿ ತೋರಿಸಿದರು. ನಿಮ್ಮ ಸೊಟ್ಟ ಹೊಲವೂ ಮನಸ್ಸು ಮಾಡಿದರೆ ಒಂದು ಚೌಕವೇ.

40. ಪಾಲಕರೇ, ಶಿಕ್ಷಕರೇ, ಬರುವ ಭಾನುವಾರ ಮಗುವಿನ ಕೈಗೆ ಒಂದು ಟೇಪು, ಒಂದು ಹಗ್ಗ, ನಾಲ್ಕು ಗೂಟ ಕೊಡಿ. ಹೊಲವಿದ್ದರೆ ಹೊಲ, ಇಲ್ಲದಿದ್ದರೆ ಶಾಲೆಯ ಅಂಗಳ, ದೇವಸ್ಥಾನದ ಪೌಳಿ, ಮನೆಯ ಹಿತ್ತಲು. ನಾಲ್ಕು ಬದು, ಒಂದು ಕರ್ಣ: ಐದೇ ಅಳತೆ. ನೋಟ್‌ಬುಕ್‌ನಲ್ಲಿ ನಕ್ಷೆ ಬರೆಸಿ, ತ್ರಿಭುಜ ಬಿಡಿಸಿ, ಗುಂಟೆಗೆ ಇಳಿಸಿ. ಪಹಣಿಯ ಅಂಕಿಯ ಪಕ್ಕದಲ್ಲಿಟ್ಟು ನೋಡಿ. ತಾನು ಅಳೆದ ನೆಲದ ಲೆಕ್ಕವನ್ನು ಮಗು ಮರೆಯುವುದಿಲ್ಲ, ನಾಳೆ ಜಮೀನು ಕೊಳ್ಳುವಾಗಲೋ ಪಾಲು ಮಾಡುವಾಗಲೋ ಯಾರಿಂದಲೂ ಮೋಸ ಹೋಗುವುದೂ ಇಲ್ಲ.